ಮಗಳ ಮನೆಯ ಕರೆಂಟು

ಪುಣೆಯ ಯೆರವಡಾ ಜೈಲಿನ ಹಿಂದಿನ ವಸ್ತಿಯಲ್ಲಿ ಚಂದಮ್ಮನ ಗಾಡಿಯನ್ನು ಕಾಣದವರಿಲ್ಲ. ಮೂರು ಗಾಲಿ, ಹಿಂದೆ ತೆರೆದ ತೊಟ್ಟಿ, ಮುಂದೆ ಒಬ್ಬರು ಕೂರುವಷ್ಟು ಸೀಟು. ಬ್ಯಾಟರಿಯ ಮೇಲೆ ಓಡುವ ಈ ಗಾಡಿಯಲ್ಲಿ ಅವಳು ಗಿಡದ ಕುಂಡಗಳನ್ನು ಸಾಗಿಸುತ್ತಾಳೆ. ಐಟಿ ಪಾರ್ಕಿನ ಕಚೇರಿಗಳಲ್ಲಿ ಲಿಫ್ಟಿನ ಪಕ್ಕ, ಮೇಜಿನ ಮಗ್ಗುಲಲ್ಲಿ ಹಸಿರು ಗಿಡಗಳು ನಿಂತಿರುತ್ತವಲ್ಲ, ಅವು ಅಲ್ಲೇ ಬೆಳೆದವಲ್ಲ. ಎಸಿ ಗಾಳಿಗೆ ಬೇಗ ಸೊರಗುತ್ತವೆ. ಸೊರಗಿದವನ್ನು ನರ್ಸರಿಗೆ ಒಯ್ಯಬೇಕು, ಚೇತರಿಸಿಕೊಂಡವನ್ನು ತಂದಿಡಬೇಕು. ಗಿಡಗಳಿಗಾದರೂ ತವರಿಗೆ ಹೋಗಿ ಬರುವ ಯೋಗ ಇದೆ, ಅಲ್ಲಿ ಕೂತು ದುಡಿಯುವ ಹುಡುಗಿಯರಿಗೆ ಅದೂ ಇಲ್ಲ ಎಂದು ಚಂದಮ್ಮ ನಗುತ್ತಾಳೆ.

ಅವಳು ನಗುವವಳೇ. ಸುರಪುರದ ಕಡೆಯಿಂದ ಗಂಡ ಶಂಕ್ರೆಪ್ಪನ ಜೊತೆ ಪುಣೆಗೆ ಬಂದಾಗ ಮೈಯಲ್ಲಿ ಕಸುವಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಶಂಕ್ರೆಪ್ಪ ಸೆಂಟ್ರಿಂಗ್ ಕೆಲಸಕ್ಕೆ ನಿಂತ, ಅವಳು ತಲೆಯ ಮೇಲೆ ಸಿಮೆಂಟ್ ಬುಟ್ಟಿ ಹೊತ್ತಳು. ಇವತ್ತು ಅವಳು ಕುಂಡ ಇಳಿಸುವ ಕಟ್ಟಡಗಳಲ್ಲಿ ಒಂದೆರಡಕ್ಕೆ ಅಂದು ಅವಳೇ ಕಲ್ಲು ಮಣ್ಣು ಹೊತ್ತದ್ದುಂಟು. ಆಗ ಬಿದಿರಿನ ಏಣಿಯಲ್ಲಿ ಹತ್ತಿದ್ದಳು, ಈಗ ಲಿಫ್ಟಿನಲ್ಲಿ ಹೋಗುತ್ತಾಳೆ. ಬಾಗಿಲಲ್ಲಿ ನಿಂತ ಕಾವಲುಗಾರ ಮಾತ್ರ ಅಂದಿನಂತೆ ಇಂದೂ ಅವಳನ್ನು ತಡೆದು ನಿಲ್ಲಿಸುತ್ತಾನೆ. ಕುತ್ತಿಗೆ ನೋವು ಬಿಡದೆ ಹಿಡಿದಾಗ ಮಹಿಳಾ ಗುಂಪಿನವರು ಈ ಗಾಡಿ ಕೊಡಿಸಿದರು, ಓಡಿಸುವುದನ್ನೂ ಕಲಿಸಿದರು. ತಲೆಯ ಮೇಲಿನ ಹೊರೆ ಬೆನ್ನ ಹಿಂದಕ್ಕೆ ಹೋಯಿತು. ಅವಳ ಬಾಳಿನಲ್ಲಿ ಆದ ದೊಡ್ಡ ಬದಲಾವಣೆ ಇದೇ.

ಗಾಡಿಗೆ ಒಂದು ದೋಷವಿತ್ತು. ಸಪಾಟು ರಸ್ತೆಯಲ್ಲಿ ಓಡುತ್ತಿತ್ತು, ಏರು ಕಂಡರೆ ಕಾಲು ಮಡಚಿ ಕೂರುತ್ತಿತ್ತು. ಸೇತುವೆಯ ಏರಿಗೇ ಏದುಸಿರು ಬಿಡುವ ಆ ಗಾಡಿ ಪುಣೆಯಿಂದ ಸಾಸವಡಕ್ಕೆ ಹೋಗುವ ದಾರಿಯ ದಿವೇ ಘಾಟ ಹತ್ತುವ ಮಾತು ದೂರವೇ ಉಳಿಯಿತು. ಆ ಘಾಟಿನ ನೆತ್ತಿಯ ಮೇಲೆ ಅವಳ ಒಬ್ಬಳೇ ಮಗಳು ಆರತಿಯ ಮನೆ. ಅಳಿಯ ಮನೋಹರ ಅಲ್ಲಿಯ ಒಂದು ದೊಡ್ಡ ನರ್ಸರಿಯಲ್ಲಿ ಮಾಲಿ. ನರ್ಸರಿಯ ಹಿಂದೆ ತಗಡಿನ ಮಾಡಿನ ಒಂದೂವರೆ ಕೋಣೆ, ಅದರಲ್ಲಿ ಗಂಡ ಹೆಂಡತಿ ಇಬ್ಬರೇ. ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು. ಮಕ್ಕಳಾಗಿರಲಿಲ್ಲ.

ಈಗ ಚಂದಮ್ಮನ ತವರಿನ ಒಂದು ಕಟ್ಟಳೆ ಹೇಳಬೇಕು. ಮಗಳಿಗೆ ಕೂಸು ಹುಟ್ಟುವ ತನಕ ತಾಯಿಯಾದವಳು ಮಗಳ ಮನೆಯಲ್ಲಿ ಅನ್ನ ಮುಟ್ಟಬಾರದು. ನೀರು ನಡೆಯುತ್ತದೆ, ಅಷ್ಟೇ. ಮಗಳ ಮಡಿಲು ತುಂಬಿದ ಮೇಲೆ ತಾಯಿ ಆ ಮನೆಯ ಎಲೆ ಮುಂದೆ ಕೂರಬಹುದು. ಯಾವ ಹಿರಿಯರು ಯಾಕೆ ಮಾಡಿದರೋ ಗೊತ್ತಿಲ್ಲ, ಮಾಡಿದವರು ಬಸಿರಾಗಲು ತಡವಾದ ಮಗಳ ಮುಖ ನೋಡಿ ಮಾಡಿರಲಿಕ್ಕಿಲ್ಲ. ಚಂದಮ್ಮನಿಗೆ ಮದುವೆಯಾದ ವರ್ಷವೇ ಆರತಿ ಹುಟ್ಟಿದ್ದರಿಂದ ಈ ಕಟ್ಟಳೆಯ ಮುಳ್ಳು ಅವಳಿಗೆ ಚುಚ್ಚಿರಲೇ ಇಲ್ಲ. ಅವಳ ತಾಯಿ ಸೈಟಿನ ತಗಡಿನ ಶೆಡ್ಡಿಗೆ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೊಟ್ಟೆ ತುಂಬ ಉಂಡು ಹೋಗಿದ್ದಳು.

ಆರತಿಯ ಪಾಲಿಗೆ ಅದು ಬೇರೆಯಾಯಿತು. ತಾಯಿ ಬಂದು ಊಟ ಮಾಡದೆ ಹೋದರೆ, ನಿನಗಿನ್ನೂ ಮಕ್ಕಳಾಗಿಲ್ಲ ಎಂದು ಬಾಯಿ ಬಿಟ್ಟು ಹೇಳಿ ಹೋದ ಹಾಗೆ. ಇದು ಚಂದಮ್ಮನಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವಳು ಹೋಗುವುದನ್ನೇ ಕಡಿಮೆ ಮಾಡಿದಳು. ಕೇಳಿದರೆ ಗಾಡಿ ಘಾಟ ಹತ್ತುವುದಿಲ್ಲ, ಬಸ್ಸಿನಲ್ಲಿ ನಿಂತರೆ ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚಂದಮ್ಮನಿಗೆ ಡೊಂಕು ನೆಲ ಎದುರಿಗೇ ಸಿಕ್ಕಿತ್ತು.

ಆ ನೆಪವೂ ಒಂದು ದಿನ ಹೋಯಿತು. ಕುಂಡ ತರಿಸುತ್ತಿದ್ದ ಗುತ್ತಿಗೆದಾರ ಹಡಪಸರದ ನರ್ಸರಿ ಬಿಟ್ಟು, ಮನೋಹರ ದುಡಿಯುವ ಘಾಟಿನ ಮೇಲಿನ ನರ್ಸರಿಯನ್ನೇ ಹಿಡಿದ. ವಾರಕ್ಕೊಮ್ಮೆ ಅಲ್ಲಿಂದ ಕುಂಡ ತರುವುದಾದರೆ ಕೆಲಸ, ಇಲ್ಲದಿದ್ದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದ. ಗಾಡಿ ರಿಪೇರಿ ಮಾಡಿಸಲೇ ಎಂದು ಚಂದಮ್ಮ ಗಂಡನನ್ನು ಕೇಳಿದಳು. ಶಂಕ್ರೆಪ್ಪ, "ಮಾಡಿಸಿದ್ರ ಛಲೋನೇ, ಮಾಡಿಸ್ಲಿಲ್ಲಂದ್ರನೂ ನಡೀತದ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಮಗ್ಗುಲಾದ. ಅವನಿಂದ ಅದಕ್ಕಿಂತ ಹೆಚ್ಚಿನ ಬೆಳಕು ಎಂದೂ ಬಂದಿಲ್ಲ. ಮರುದಿನ ಅವಳು ಗಾಡಿಯನ್ನು ಬಿಬವೇವಾಡಿಗೆ ತಿರುಗಿಸಿದಳು.

ಅಲ್ಲಿ ಮಾಂತು ಎಂಬ ವಿಜಯಪುರದ ಕಡೆಯವನ ಗ್ಯಾರೇಜು. ಬ್ಯಾಟರಿ ಗಾಡಿಗಳನ್ನಷ್ಟೇ ರಿಪೇರಿ ಮಾಡುತ್ತಾನೆ. ಮಾತಿನ ಮಲ್ಲ. ಗಿರಾಕಿ ಕನ್ನಡದವರಾದರೆ ಅವನ ಕೈ ನಿಧಾನ, ಬಾಯಿ ಜೋರು. ಸೀಟಿನ ಕೆಳಗೆ ಇಣುಕಿ ನೋಡಿ ಅವನೆಂದ: "ಅಕ್ಕಾರ, ಮೋಟರ್ ಭಾಳ ಛಲೋ ಅದ. ಎತ್ತಿನ ಕಸುವಿಗೇನೂ ಕಮ್ಮಿ ಇಲ್ಲ, ಮೇವು ಸಾಲವಲ್ದು. ಬ್ಯಾಟರಿ ಬದಲಿ ಆಗಬೇಕು, ಕಂಟ್ರೋಲರೂ ಬದಲಿ ಆಗಬೇಕು."

"ಬ್ಯಾಟರಿ ಗೊತ್ತದ. ಅದೇನ್ರಿ ಇನ್ನೊಂದು?"

"ಬ್ಯಾಟರಿ ಅಂದ್ರ ಉಗ್ರಾಣ ತಿಳ್ಕೊರಿ. ಕಂಟ್ರೋಲರ್ ಅಂದ್ರ ಆ ಉಗ್ರಾಣದ ಕೀಲಿ ಸೊಂಟಕ್ಕ ಸಿಗಿಸ್ಕೊಂಡ ಅತ್ತಿ. ಮೋಟರಿಗೆ ಎಷ್ಟು ತಗದು ಕೊಡಬೇಕು ಅನ್ನೋದು ಅಕಿ ಕೈಯಾಗ. ಉಗ್ರಾಣ ಅಷ್ಟೇ ದೊಡ್ಡದು ಮಾಡಿ ಹಳೀ ಜಿಪುಣ ಅತ್ತೀನ್ನ ಹಂಗೇ ಕೂಡಿಸಿದ್ರ ಏನುಪಯೋಗ?"

ನಾಲ್ಕು ಸೀಸದ ಬ್ಯಾಟರಿಗಳು ಹೊರಗೆ ಬಂದವು. ಒಂದೊಂದನ್ನೂ ಎತ್ತಲು ಇಬ್ಬರು ಬೇಕಾಯಿತು. ಅವುಗಳ ಜಾಗದಲ್ಲಿ ಲಿಥಿಯಂ ಬ್ಯಾಟರಿಯ ಒಂದೇ ನೀಲಿ ಪೆಟ್ಟಿಗೆ ಕೂತಿತು, ಹಳೆಯದರ ಅರ್ಧ ಭಾರವೂ ಇಲ್ಲ. ಸುಟ್ಟ ವಾಸನೆ ಬರುತ್ತಿದ್ದ ಹಳೆಯ ಕಂಟ್ರೋಲರ್ ಇದ್ದಲ್ಲಿ ಏಣುಏಣಾದ ಹೊಸ ಅಲ್ಯೂಮಿನಿಯಂ ಡಬ್ಬಿ, ಅದರಿಂದ ಹೊರಟ ಬೆರಳು ದಪ್ಪದ ವೈರುಗಳು. ಹ್ಯಾಂಡಲಿನ ಬಳಿ ಸಣ್ಣ ಗಾಜಿನಲ್ಲಿ ಚಾರ್ಜು ಎಷ್ಟಿದೆ ಎಂದು ಅಂಕಿ ಮೂಡತೊಡಗಿತು. ಬ್ರೇಕುಗಳನ್ನೂ ಮಾಂತು ಬಿಗಿ ಮಾಡಿದ. ಕೊನೆಗೆ ಕೈ ಒರೆಸಿಕೊಳ್ಳುತ್ತ ಹೊಸ ಅತ್ತೆಯ ಗುಣಗಾನಕ್ಕೆ ಕೂತ.

"ಈಕಿ ಏರಿನಾಗ ಕೈಬಿಚ್ಚಿ ಕೊಡ್ತಾಳ. ಇಳಕಲಿನಾಗ ಗಾಡಿ ತಾನೇ ಓಡ್ತದಲ್ರಿ, ಆವಾಗ ಮೋಟರನ್ನ ಹಿಂದಕ್ಕ ಎಳದು ಹಿಡೀತಾಳ. ಹಂಗ ಹಿಡದಾಗ ಹುಟ್ಟಿದ ಕರೆಂಟ್ ವಾಪಸ್ ಉಗ್ರಾಣಕ್ಕ ಹಾಕ್ತಾಳ. ಗಾಡಿ ಸಾವಕಾಶ ಇಳೀತದ, ನೀವು ಬ್ರೇಕ್ ಮುಟ್ಟೋದೇ ಕಡಿಮಿ. ಆದ್ರ ಒಂದು ಮಾತು ನೆನಪಿಡ್ರಿ. ಘಾಟ ಇಳಿಯೋ ಮುಂದ ಬ್ಯಾಟರಿ ಪೂರಾ ತುಂಬಿರಬಾರದು."

"ಯಾಕ?"

"ಉಗ್ರಾಣ ತುಂಬಿದ್ರ ವಾಪಸ್ ಬಂದದ್ದು ಎಲ್ಲಿ ಇಡಬೇಕು? ಹೊಟ್ಟಿ ತುಂಬಿದ ಮ್ಯಾಲೆ ಹುಗ್ಗಿ ಮುಳ್ಳು. ಬ್ಯಾಟರಿ ಒಲ್ಲೆ ಅಂತದ, ಮೋಟರ್ ಎಳಿಯೋದು ಬಿಡ್ತದ. ಆಮ್ಯಾಲೆ ಬರೇ ಬ್ರೇಕಿನ ಮ್ಯಾಲೆ ಗಾಡಿ. ಹಸಿ ಮಣ್ಣಿನ ಕುಂಡ ತುಂಬ್ಕೊಂಡು ಅಷ್ಟುದ್ದ ಇಳಕಲು ಇಳದ್ರ ಆ ಬ್ರೇಕ್ ತಡಿಯಂಗಿಲ್ಲ ಅಕ್ಕಾರ."

ಚಂದಮ್ಮ ನಕ್ಕುಬಿಟ್ಟಳು. "ತುಂಬಿದ್ದು ಕೆಡಕು ಅಂತ ಇವತ್ತೇ ಕೇಳಿದೆ ನೋಡ್ರಿ. ಅರ್ಧ ಹೊಟ್ಟೀಲೆ ಸತ್ತವರನ್ನ ಕಂಡೀನಿ, ಹೊಟ್ಟಿ ತುಂಬಿ ಸತ್ತವರನ್ನ ಕಂಡಿಲ್ಲ."

ಘಾಟ ಹತ್ತಿದ ಮೊದಲ ದಿನ ಅವಳಿಗೆ ಕಣ್ಣು ತುಂಬಿ ಬಂತು. ಮುಂದೆ ಹೋಗುತ್ತಿದ್ದ ಟ್ರಕ್ಕು ಗೊರಗೊರ ಎನ್ನುತ್ತಿದ್ದರೆ ಅವಳ ಗಾಡಿ ಸದ್ದಿಲ್ಲದೆ ಅದರ ಬೆನ್ನ ಹಿಂದೆ ಹತ್ತಿತು. ಕೆಳಗೆ ಕೆರೆ, ಹೊಲ, ಆಚೆ ಮಬ್ಬಾಗಿ ಇಡೀ ಪುಣೆ. ಇಷ್ಟು ಎತ್ತರದಲ್ಲಿ ತಲೆಯ ಮೇಲೆ ಬುಟ್ಟಿಯಿಲ್ಲದೆ ನಿಂತದ್ದು ಅವಳಿಗೆ ಅದೇ ಮೊದಲು. ಮರಳಿ ಇಳಿಯುವಾಗ ಯಾರೋ ಹಿಂದಿನಿಂದ ಸೆರಗು ಹಿಡಿದುಕೊಂಡ ಹಾಗೆ ಗಾಡಿ ಮೆಲ್ಲಗೆ ಇಳಿಯಿತು. ಮಾಂತುವಿನ ಹೊಸ ಅತ್ತೆ ಕೆಟ್ಟವಳಲ್ಲ ಅನಿಸಿತು.

ಆದರೆ ಮೇಲೆ, ಮಗಳ ಮನೆಯ ಮುಂದೆ ನಡೆದದ್ದು ಚೆನ್ನಾಗಿರಲಿಲ್ಲ. ಕುಂಡ ತುಂಬಿಸುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು, ಹೊಟ್ಟೆ ಹಸಿಯುತ್ತಿತ್ತು. ಚಂದಮ್ಮ ಸೀಟಿನ ಕೆಳಗಿಂದ ತನ್ನ ರೊಟ್ಟಿಯ ಗಂಟು ತೆಗೆದು, ಗಾಡಿಯಲ್ಲೇ ಕೂತು, ಮಗಳ ಬಾಗಿಲ ಎದುರಿಗೇ ಮುರಿದು ತಿಂದಳು. ಒಳಗೆ ಆರತಿಯ ಒಲೆಯ ಮೇಲೆ ಬೇಳೆ ಕುದಿಯುವ ವಾಸನೆ ಬರುತ್ತಿತ್ತು. ಆರತಿ ಒಂದು ತಂಬಿಗೆ ನೀರು ತಂದಿಟ್ಟು ಒಳಗೆ ಹೋದಳು. ವಾರ ವಾರವೂ ಇದೇ ನಡೆಯಿತು. ಹಿಂದೆ ವರ್ಷಕ್ಕೊಮ್ಮೆ ಚುಚ್ಚುತ್ತಿದ್ದ ಮುಳ್ಳು ಗಾಡಿ ಸುಧಾರಿಸಿದ ಮೇಲೆ ವಾರಕ್ಕೊಮ್ಮೆ ಚುಚ್ಚತೊಡಗಿತು. ಚಂದಮ್ಮ ಅರ್ಧ ರೊಟ್ಟಿಯನ್ನು ಮತ್ತೆ ಗಂಟಿಗೆ ಕಟ್ಟುತ್ತಿದ್ದಳು. ಕಟ್ಟಳೆ ಮುರಿಯಲೂ ಧೈರ್ಯವಿರಲಿಲ್ಲ, ಮುರಿದರೆ ಮಗಳ ಮಡಿಲು ತುಂಬುವುದೇ ಇಲ್ಲವೇನೋ ಎಂಬ ಭಯ ಅವಳನ್ನು ಹಿಡಿದು ಕೂರಿಸಿತ್ತು.

ಒಂದು ಗುರುವಾರ ಆರತಿ ಬಾಗಿಲಲ್ಲಿ ಉದ್ದನೆಯ ವೈರು ಹಿಡಿದು ನಿಂತಿದ್ದಳು. ಸಾಸವಡದ ಬಜಾರಿನಿಂದ ತರಿಸಿದ್ದಳಂತೆ.

"ನೀ ಉಣ್ಣಬ್ಯಾಡ ಬಿಡವ್ವ. ನಿನ್ನ ಗಾಡಿಗೇನು ಕಟ್ಟಳೆ ಅದ? ಅದಕ್ಕಾದ್ರೂ ಉಣ್ಣಸ್ತೀನಿ."

ಚಂದಮ್ಮ ಬೇಡವೆನ್ನಲು ಬಾಯಿ ತೆರೆದಳು. ಮಗಳ ಮುಖದಲ್ಲಿ ಅಂಥ ಗೆಲುವನ್ನು ಅವಳು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಬೇಡವೆನ್ನುವುದನ್ನು ಬಿಟ್ಟು ಸೀಟು ಎತ್ತಿದಳು. ಚಾರ್ಜರ್ ಹೇಗೂ ಸೀಟಿನ ಕೆಳಗೇ ಇತ್ತು. ವೈರು ಅಡಿಗೆಮನೆಯ ಕಿಟಕಿಯಿಂದ ಹೊರಬಂದು ಗಾಡಿಗೆ ಸೇರಿತು. ಆರತಿ ಗಾಜಿನ ಮುಂದೆ ಮಣೆ ಹಾಕಿಕೊಂಡು ಕೂತಳು. ಐವತ್ತು, ಅರವತ್ತು, ಎಪ್ಪತ್ತು. ಒಳಗಿನ ಕೆಲಸ ಮಾಡುತ್ತ ಮಾಡುತ್ತ ಬಂದು ನೋಡಿ ಹೋಗುವಳು. ಎದುರಿಗೆ ಕೂತವರ ತಾಟಿನಲ್ಲಿ ಏನು ಖಾಲಿಯಾಯಿತೆಂದು ನೋಡುವ ಗೃಹಿಣಿಯ ಹಾಗೆ. ಎಂಬತ್ತಾದಾಗ ಚಂದಮ್ಮನಿಗೆ ಮಾಂತುವಿನ ಮಾತು ನೆನಪಾಯಿತು. ತೊಂಬತ್ತಾದಾಗ ಎದ್ದು ನಿಂತಳು.

"ಸಾಕು ಬಿಡವ್ವ ಇನ್ನ."

"ಇನ್ನಾ ತುಂಬಿಲ್ಲಲ್ಲ! ಅರೆಹೊಟ್ಟಿಲೆ ನಮ್ಮ ಮನ್ಯಾಗಿಂದ ಯಾರೂ ಹೋಗಬಾರದು," ಎಂದಳು ಆರತಿ.

'ನಮ್ಮ ಮನೆ' ಎಂದಳು. ಬಂದವರಿಗೆ ಬಡಿಸುವ ಯಜಮಾನಿಯ ಹೆಮ್ಮೆ ಆ ಮಾತಿನಲ್ಲಿತ್ತು. ಚಂದಮ್ಮ ಮತ್ತೆ ಕೂತಳು. ಗಾಜಿನಲ್ಲಿ ನೂರು ಮೂಡಿದಾಗ ಆರತಿ ಚಪ್ಪಾಳೆ ತಟ್ಟಿದಳು.

ಘಾಟಿನ ತಲೆಯಿಂದ ಮೊದಲ ತಿರುವು ದಾಟುವ ಮೊದಲೇ ಚಂದಮ್ಮನಿಗೆ ತಿಳಿಯಿತು. ಸೆರಗು ಹಿಡಿಯುವ ಕೈ ಇರಲಿಲ್ಲ. ಗಾಡಿ ಹಗುರಾಗಿ, ತನ್ನ ಪಾಡಿಗೆ ತಾನು ಓಡತೊಡಗಿತು. ಅವಳು ಬ್ರೇಕು ತುಳಿದಳು, ನಿಧಾನವಾಯಿತು. ಬಿಟ್ಟಳು, ಮತ್ತೆ ಓಡಿತು. ಎರಡನೆಯ ತಿರುವಿನ ಹೊತ್ತಿಗೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮೂರನೆಯದಕ್ಕೆ ಬ್ರೇಕಿನ ಪೆಡಲು ಮೆತ್ತಗಾಗಿ ನೆಲಕ್ಕೆ ಹತ್ತಿತು. ಹಿಂದೆ ಹಸಿ ಮಣ್ಣಿನ ಕುಂಡಗಳ ಭಾರ ಪೂರ್ತಿ ಅವಳ ಬೆನ್ನಿಗೆ ಬಂದು ಕೂತಂತಾಯಿತು. ಮುಂದೆ ಶಾಲೆಯ ಮಕ್ಕಳಿದ್ದ ಒಂದು ಬಸ್ಸು. ಬಲಕ್ಕೆ ಪ್ರಪಾತ. ಎಡಕ್ಕೆ ರಸ್ತೆ ಅಗಲ ಮಾಡಲು ತಂದು ಸುರಿದ ಮುರುಮಿನ ಗುಡ್ಡೆಗಳು.

ಮಣ್ಣಿನ ಗುಡ್ಡೆಯ ಪರಿಚಯ ಅವಳಿಗೆ ಹೊಸದಲ್ಲ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಗಾಡಿಯ ಮೂತಿ ಮುರುಮಿನೊಳಗೆ ಹೂತಿತ್ತು. ಅವಳ ಮೊಣಕಾಲು ಕೆತ್ತಿ ರಕ್ತ ಬರುತ್ತಿತ್ತು. ರಸ್ತೆಯ ತುಂಬ ಒಡೆದ ಕುಂಡ, ಬುಡಮೇಲಾದ ಗಿಡ. ಹಿಂದಿನಿಂದ ಬಂದ ಟೆಂಪೋದವನು ಓಡಿ ಬಂದು, "ಮಾವಶಿ, ಲಾಗಲಂ ಕಾ?" ಎಂದು ಅವಳ ಕೈ ಹಿಡಿದೆತ್ತಿದ. ಪೆಟ್ಟಾಯಿತೇ ಎಂದು ಕೇಳಿದ ಆ ಒಂದು ಮಾತಿಗೇ ಅವಳ ಅಳು ಕಿತ್ತುಕೊಂಡು ಬಂತು. "ನಾಯ್ ರೇ ಬಾಳಾ," ಎಂದಳು, ಏನೂ ಆಗಿಲ್ಲ ಮಗನೇ ಎಂದು.

ಬ್ರೇಕು ಆರುವ ತನಕ ಗುಡ್ಡೆಗೆ ಒರಗಿ ಕೂತಿದ್ದಾಗ ಫೋನು ಬಂತು. ಆರತಿ.

"ಮುಟ್ಟಿದೇನವ್ವ? ಗಾಡಿ ಹೆಂಗ ಓಡ್ತು?"

"ಭಾಳ ಛಲೋ ಓಡ್ತವ್ವ," ಎಂದಳು ಚಂದಮ್ಮ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಮುಂದಿನ ವಾರನೂ ನಾನೇ ತುಂಬಿಸಿ ಕಳಸ್ತೀನಿ. ಮನ್ಯಾಗ ಚಾರ್ಜ್ ಮಾಡ್ಕೊಂಡು ಬರಬ್ಯಾಡ."

ಚಂದಮ್ಮ ಹೂಂ ಎಂದಳು. ಮಗಳ ಕೈಯಿಂದ ತಾನು ಪಡೆದ ಮೊದಲ ಊಟ ತನ್ನನ್ನು ಪ್ರಪಾತದ ಅಂಚಿಗೆ ಒಯ್ದಿತ್ತೆಂದು ಹೇಗೆ ಹೇಳುವುದು? ಮೊದಲೇ ತನ್ನ ಕಾಲ್ಗುಣ, ಕೈಗುಣ ಎಂದು ಏನೇನೋ ಅಂದುಕೊಂಡು ಒಳಗೇ ಬೇಯುವ ಹುಡುಗಿ. ಹೇಳದಿದ್ದರೆ ಮುಂದಿನ ಗುರುವಾರ ಮತ್ತೆ ನೂರು. ಪ್ರತಿಸಲವೂ ಮುರುಮಿನ ಗುಡ್ಡೆ ಕಾದು ಕೂತಿರುವುದಿಲ್ಲ.

ಮಾಂತು ಬೈದ, ಬ್ರೇಕು ಬದಲಿಸಿದ, ಮತ್ತೆ ಬೈದ. ಎಲ್ಲ ಕೇಳಿಸಿಕೊಂಡ ಮೇಲೆ ತಲೆ ಕೆರೆದುಕೊಂಡು ಒಂದು ಉಪಾಯ ಹೇಳಿದ.

"ಇದಕ್ಕ್ಯಾಕ ಇಷ್ಟು ತ್ರಾಸ ಮಾಡ್ಕೋತೀರಿ? ನಿಮ್ಮ ಚಾರ್ಜರ್ ಎಂಬತ್ತಕ್ಕ ನಿಲ್ಲೂ ಹಂಗ ಮಾಡ್ತೀನಿ. ಗಾಜಿನ್ಯಾಗ ಮಾತ್ರ ನೂರು ತೋರಸ್ತದ. ಮಗಳಿಗೂ ಸಮಾಧಾನ, ನಿಮಗೂ ಸುಖ. ಅಕಿಗೆ ಗೊತ್ತೇ ಆಗಂಗಿಲ್ಲ."

ಒಳ್ಳೆಯ ಉಪಾಯವೇ. ಮಾಂತು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೂ ಆಗಿತ್ತು. ಚಂದಮ್ಮನ ಕಣ್ಣ ಮುಂದೆ ಮಣೆಯ ಮೇಲೆ ಕೂತ ಆರತಿ ಬಂದಳು, ಎಂಬತ್ತನ್ನು ನೂರೆಂದು ನಂಬಿ ಚಪ್ಪಾಳೆ ತಟ್ಟುವ ಆರತಿ. ಅಂಗಾತ ಬಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

"ಬ್ಯಾಡ್ರಿ," ಎಂದಳು. "ಹೊರಗಿನ ಮಂದಿ ಅಕಿಗೆ ಸಾಕಷ್ಟು ಮೋಸ ಮಾಡ್ಯಾರ. ಆಗ್ತದವ್ವ, ಮುಂದಿನ ತಿಂಗಳ ಆಗ್ತದ ಅಂತ ತಾಯತ ಕಟ್ಟಿ ರೊಕ್ಕ ಇಸ್ಕೊಂಡಾರ. ನಾನೂ ಮಾಡಬೇಕೇನು?"

ಆ ವಾರವಿಡೀ ಅವಳ ತಲೆಯಲ್ಲಿ ಇದೇ ಓಡಿತು. ಕುಂಡ ಇಳಿಸುವಾಗ, ಕಾವಲುಗಾರ ತಡೆದಾಗ, ರೊಟ್ಟಿ ಬಡಿಯುವಾಗ. ಗಾಡಿ ಒಲ್ಲೆ ಎಂದದ್ದು ಹೊಟ್ಟೆ ತುಂಬಿದ್ದಕ್ಕೆ. ತಾನು ನಾಲ್ಕು ವರ್ಷ ಒಲ್ಲೆ ಎಂದದ್ದು ಯಾತಕ್ಕೆ? ಹಸಿದುಕೊಂಡು ಒಲ್ಲೆ ಎಂದಿದ್ದಳು. ಉಣಿಸುವ ಆಸೆಯನ್ನು ಎಲ್ಲಿಯೂ ಇಳಿಸಲಾಗದೆ ಮಗಳು ಅದನ್ನು ಒಂದು ವೈರಿನೊಳಗೆ ತುಂಬಿ ಕಳಿಸಿದ್ದಳು. ತಪ್ಪು ಬ್ಯಾಟರಿಯದಲ್ಲ, ಮಗಳದಂತೂ ಅಲ್ಲವೇ ಅಲ್ಲ. ಇಷ್ಟು ತಿಳಿಯಲು ಘಾಟಿನಲ್ಲಿ ಬ್ರೇಕು ಹೋಗಬೇಕಾಯಿತಲ್ಲ ಎಂದು ಚಂದಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಗುರುವಾರ ಬಂತು. ಗಾಡಿ ಘಾಟ ಹತ್ತಿತು. ಆರತಿ ವೈರು ಹಿಡಿದು ಕಾದಿದ್ದಳು. ಚಂದಮ್ಮ ಅದನ್ನು ಚಾರ್ಜರಿಗೆ ಸಿಕ್ಕಿಸಿಕೊಟ್ಟಳು. ಮನೋಹರ ಕುಂಡ ತುಂಬಿಸತೊಡಗಿದ. ಅರವತ್ತಾಯಿತು, ಎಪ್ಪತ್ತಾಯಿತು. ಎಂಬತ್ತು ಮೂಡುತ್ತಲೇ ಚಂದಮ್ಮ ಎದ್ದು ಹೋಗಿ ವೈರನ್ನು ಕಿತ್ತಳು.

ಆರತಿಯ ಮುಖ ಬಾಡಿತು. "ಯಾಕವ್ವ? ಇದೂ ಬ್ಯಾಡಾ?"

ಚಂದಮ್ಮ ಹೇಳಿದಳು. ಬ್ಯಾಟರಿಯ ಹೊಟ್ಟೆಯ ವಿಷಯ, ಸುಟ್ಟ ವಾಸನೆ, ಬಸ್ಸಿನ ಮಕ್ಕಳು, ಮುರುಮಿನ ಗುಡ್ಡೆ. ಮೊಣಕಾಲಿನ ಗಾಯವನ್ನೂ ತೋರಿಸಿದಳು. ಮಾಂತು ಮೊದಲೇ ಎಚ್ಚರಿಸಿದ್ದ, ಗೊತ್ತಿದ್ದೂ ಸುಮ್ಮನಿದ್ದವಳು ತಾನೇ ಎಂಬುದನ್ನೂ ಬಿಡದೆ ಹೇಳಿದಳು. ಆರತಿ ಕೊನೆಯ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. ಗೋಡೆಗೆ ಒರಗಿ ಕುಸಿದು ಕೂತಳು.

"ನನ್ನ ಕೈಲೆ ಆಗೋದೇ ಹಿಂಗವ್ವ. ಮನಷಾರಿಗೆ ಉಣ್ಣಸೋ ಯೋಗ ಇಲ್ಲ, ಗಾಡಿಗೆ ಉಣ್ಣಸಿದ್ರ ಅದೂ ನಿನ್ನ ಜೀವಕ್ಕ ಬಂತು."

ಚಂದಮ್ಮ ಚಪ್ಪಲಿ ಬಿಟ್ಟಳು. ತಂಬಿಗೆಯ ನೀರಿನಿಂದ ಕೈಕಾಲು ತೊಳೆದಳು. ಹೊಸ್ತಿಲು ದಾಟಿ ಒಳಗೆ ಹೋಗಿ ಒಲೆಯ ಪಕ್ಕ ನೆಲದ ಮೇಲೆ ಕೂತಳು.

"ಗಾಡಿಗೆ ಸಾಕಾತು. ಈಗ ನಂಗ ನೀಡು."

ಆರತಿ ಎದ್ದು ಬಂದು ಬಾಗಿಲಲ್ಲೇ ನಿಂತಳು. "ಯವ್ವಾ, ಇನ್ನಾ ಏನೂ ಆಗಿಲ್ಲ. ಈ ತಿಂಗಳನೂ ಇಲ್ಲ."

"ನಾ ಅದನ್ನ ಕೇಳಿದೆನೇನು? ಹಸದೀನಿ."

"ಕಟ್ಟಳೆ..."

"ಕಟ್ಟಳೆ ಮಾಡಿದವ್ರು ಸತ್ತು ಭಾಳ ದಿನ ಆತು. ಅವ್ರು ಬಂದ್ರ ನಾ ಮಾತಾಡ್ತೀನಿ. ನೀ ನೀಡು."

ಚಂದಮ್ಮನ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೆ ಹುಟ್ಟದ ಕೂಸಿನ ಭಯಕ್ಕೆ, ಹುಟ್ಟಿ ಎದುರಿಗೆ ನಿಂತ ಕೂಸನ್ನು ಇನ್ನು ಅಳಿಸುವುದು ಸಾಧ್ಯವಿರಲಿಲ್ಲ.

ಆರತಿ ಗಡಿಬಿಡಿಯಲ್ಲಿ ತಾಟು ಹುಡುಕಿದಳು. ಇದ್ದ ಎರಡು ತಾಟುಗಳಲ್ಲಿ ಒಂದನ್ನು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಪುಂಡಿಪಲ್ಯ ಬಡಿಸಿದಳು, ಖಾರದ ಹಿಂಡಿ ಇಟ್ಟಳು. ರೊಟ್ಟಿಯ ಬುಟ್ಟಿ ಎತ್ತಿಕೊಂಡು ಎದುರಿಗೆ ಬಂದವಳು ಹಾಗೇ ನಿಂತುಬಿಟ್ಟಳು. ಕೈ ಬುಟ್ಟಿಯೊಳಗೆ ಹೋಗಿ ಅಲ್ಲಿಯೇ ಉಳಿಯಿತು.

"ಯವ್ವಾ," ಎಂದಳು ಸಣ್ಣ ದನಿಯಲ್ಲಿ, "ನೀ ಎಷ್ಟು ರೊಟ್ಟಿ ಉಣ್ತಿ? ನಂಗ ಮರತು ಹೋಗ್ಯದ."

ಚಂದಮ್ಮ ತಾಟನ್ನು ಮುಂದೆ ಸರಿಸಿದಳು. ಮಗಳ ಮುಖ ನೋಡಲು ಅವಳಿಗಾಗಲಿಲ್ಲ.

"ನೀ ಹಾಕ್ಕೋತ ಹೋಗು. ಸಾಕಾದಾಗ ನಾ ಅಂತೀನಿ."